ಚಾದರದ ಆಚೆ ತುದಿ

ಸಭಾಂಗಣದಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಗರಿಗರಿಯಮ್ಮ. ಅವಳು ಇಸ್ತ್ರಿ ಹಾಕಿಕೊಟ್ಟ ಅಂಗಿ ತೊಟ್ಟವರು ಕೂತರೆ ಎಲ್ಲಿ ಮುರಿದುಹೋಗುತ್ತದೋ ಎಂದು ನಿಂತೇ ಇರುತ್ತಾರೆ ಅಂತ ಊರಿನ ಡೋಲಿನವನೊಬ್ಬ ತಮಾಷೆ ಮಾಡಿದ್ದ. ತಮಾಷೆ ಮರೆತುಹೋಯಿತು, ಹೆಸರು ಉಳಿಯಿತು.

ವೇದಿಕೆಯ ಹಿಂದೆ ಏಣಿ, ಕಾಲು ಮುರಿದ ಕುರ್ಚಿ, ಸುತ್ತಿಟ್ಟ ಪರದೆಗಳನ್ನು ದಾಟಿ ಹೋದರೆ ಸಿಗುವ ಕಿಟಕಿಯಿಲ್ಲದ ಕೋಣೆ ಅವಳದು. ಉದ್ದನೆಯ ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಬುಸುಗುಡುವ ಇಸ್ತ್ರಿಪೆಟ್ಟಿಗೆ, ಗೋಡೆಯ ತುಂಬ ಮೊಳೆ. ಆ ಗೋಡೆಯ ಆಚೆಗೇ ವೇದಿಕೆ. ಹೀಗಾಗಿ ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಸಂಗೀತ ಕಿವಿಗೆ ಬಿದ್ದವಳು ಅವಳೇ, ಒಂದನ್ನೂ ಪೂರ್ತಿ ಕೇಳದವಳೂ ಅವಳೇ. ಹಬೆ ಬುಸ್ಸೆಂದಾಗ ಹಾಡಿನ ಒಂದು ತುಂಡು ಹೋಗುತ್ತಿತ್ತು. ಯಾರೋ ಬಾಗಿಲಲ್ಲಿ ನಿಂತು "ಅಮ್ಮಾ, ಗುಂಡಿ ಕಿತ್ತೋಯ್ತು" ಎಂದಾಗ ಇನ್ನೊಂದು ತುಂಡು.

ವರ್ಷಕ್ಕೊಮ್ಮೆ, ಚಳಿ ಕಾಲಿಡುವ ಹೊತ್ತಿಗೆ, ಬೇರೆ ಬೇರೆ ದೇಶದ ಜನಪದ ಹಾಡುಗಾರರು ಅಲ್ಲಿ ಸೇರುತ್ತಿದ್ದರು. ಕೆಲವು ದಿನ ಕೂತು ಒಬ್ಬರ ಹಾಡಿಗೆ ಇನ್ನೊಬ್ಬರ ವಾದ್ಯ ಹೊಂದಿಸಿ, ಕೊನೆಗೆ ಒಂದು ಸಂಜೆ ಜನರ ಮುಂದೆ ಹಾಡುತ್ತಿದ್ದರು. ಅವರ ಮುಖಕ್ಕಿಂತ ಅವರ ಬಟ್ಟೆ ಗರಿಗರಿಯಮ್ಮನಿಗೆ ಚೆನ್ನಾಗಿ ಗೊತ್ತು. ಮರಳುಗಾಡಿನಿಂದ ಬರುವ ಪಿಟೀಲಿನ ಮುದುಕನ ಅಂಗಿ ಎಡ ಭುಜದಲ್ಲಿ ಮಾತ್ರ ಸವೆದಿರುತ್ತಿತ್ತು. ಚರ್ಮದ ಚೀಲಕ್ಕೆ ಗಾಳಿ ತುಂಬಿ ಕಂಕುಳಲ್ಲಿ ಅದುಮುತ್ತ ಕೊಳಲು ನುಡಿಸುವವನ ಅಂಗಿ ಕಂಕುಳಲ್ಲಿ ಹರಿದು ಬರುತ್ತಿತ್ತು. ಹಿಮದ ಬೆಟ್ಟಗಳ ಕಡೆಯ ಇಬ್ಬರು ಹಾಡುಗಾರ್ತಿಯರದು ಒಂದೇ ಥರದ ಕೆಂಪು ಶಾಲು, ದೊಡ್ಡವಳದು ಉದ್ದ, ಚಿಕ್ಕವಳದು ಗಿಡ್ಡ. ನಾದಿನಿ ಅತ್ತಿಗೆಯರಂತೆ. ಗಂಡಸರ ಬಟ್ಟೆಗಳು ಉಂಡೆಯಾಗಿ ಬರುತ್ತಿದ್ದವು. ಹೆಂಗಸರದು ಮಾತ್ರ ಆಗಲೇ ಮಡಿಸಿಕೊಂಡು, ಕೊಡುವಾಗ ನಾಚಿಕೊಂಡು. ಯಾವ ದೇಶದಿಂದ ಬಂದರೂ ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ ಊರಿನವರು.

ಅರ್ಧ ಹಾಡು ಕೇಳುವುದು ಅವಳಿಗೆ ಅಂಥ ಕೊರತೆಯೆಂದು ಅನಿಸಿರಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಅವಳು ಇಟ್ಟುಕೊಂಡು ಬಂದಿದ್ದೂ ಅರ್ಧ ಹಾಡೇ.

ಅವಳ ಅಮ್ಮ ಒಂದು ವಸತಿಗೃಹದ ಚಾದರಗಳನ್ನು ಮನೆಗೆ ತಂದು ಒಗೆಯುತ್ತಿದ್ದಳು. ಒಗೆತ ಅಮ್ಮನ ಪಾಲಿಗೆ, ಹಿಂಡುವುದು ಹೆಣ್ಣುಮಕ್ಕಳಿಬ್ಬರ ಪಾಲಿಗೆ. ನೆನೆದ ಜೋಡಿ ಚಾದರ ಎತ್ತಿದರೆ ನಿದ್ದೆಗೆ ಬಿದ್ದ ಮಗುವನ್ನು ಎತ್ತಿದಷ್ಟು ಭಾರ. ಅಕ್ಕ ಒಂದು ತುದಿ, ಇವಳು ಇನ್ನೊಂದು ತುದಿ ಹಿಡಿದು, ಎದುರುಬದುರು ನಿಂತು, ಇಬ್ಬರೂ ತಂತಮ್ಮ ಬಲಕ್ಕೆ ತಿರುಚಬೇಕು. ಆಮೇಲೆ ಬಿಡಿಸಿ, ಎಳೆದು, ಫಟ್ ಎಂದು ಕೊಡವಬೇಕು. ತೋಳು ಸೋಲದಿರಲಿ ಎಂದು ಅಮ್ಮ ಒಂದು ಹಾಡು ಕಲಿಸಿದ್ದಳು. ಅಕ್ಕ ಒಂದು ಸಾಲು ಕೇಳುವುದು, ತಂಗಿ ಒಂದು ಸಾಲು ಹೇಳುವುದು, ನಡುವೆ ಚಾದರದ ಫಟ್.

ತಂಗಿಯ ಸಾಲುಗಳೆಲ್ಲ ಇವಳಿಗೆ ಈಗಲೂ ಬಾಯಿಪಾಠ. "ನನ್ನ ತುದೀಲಿ ನಾನಿದೀನಿ." "ಇನ್ನೂ ಒದ್ದೆ, ಇನ್ನೂ ಒದ್ದೆ." "ಗಾಳಿ ಬಂದರೆ ಬರ್ತೀನಿ." ಆದರೆ ಅಕ್ಕ ಕೇಳುತ್ತಿದ್ದದ್ದು ಏನು? ಅದು ಮಾತ್ರ ಒಂದಕ್ಷರ ನೆನಪಿಲ್ಲ. ನೆನಪಿಟ್ಟುಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ. ಚಾದರ ಎಳೆದರೆ ಆ ಕಡೆ ಅಕ್ಕ ಇದ್ದೇ ಇರುತ್ತಿದ್ದಳು.

ಆ ಅಕ್ಕ, ಕೈಹಿಡಿದವನು ಕೈಬಿಟ್ಟ ಮೇಲೆ, ದೂರದೇಶದ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಹೋದಳು. ಎರಡು ವರ್ಷ ಅಂತ ಹೋದದ್ದು. ಆ ಮಕ್ಕಳು ಬೆಳೆದು ರೆಕ್ಕೆ ಬಲಿತು ಹಾರಿಹೋದರು. ಅಷ್ಟರಲ್ಲಿ ಅವರ ಅಜ್ಜಿ ಹಾಸಿಗೆ ಹಿಡಿದಳು. ಅಕ್ಕ ತೊಟ್ಟಿಲ ಕೋಣೆಯಿಂದ ಅಜ್ಜಿಯ ಕೋಣೆಗೆ ವರ್ಗವಾದಳು. "ಬರೋ ವರ್ಷ ಬರ್ತೀನಿ ಕಣೇ" ಎನ್ನುವುದು ಅವಳ ಫೋನಿನ ಕೊನೆಯ ಮಾತು, ಹೂಂ ಎನ್ನುವುದು ಇವಳದು.

ಹೋದ ಬೇಸಿಗೆಯಲ್ಲಿ ಅಕ್ಕ ಫೋನಿನಲ್ಲಿ ಇದ್ದಕ್ಕಿದ್ದಂತೆ ಕೇಳಿದಳು: "ಪುಟ್ಟೀ, ಅಮ್ಮನ ಧ್ವನಿ ಹೇಗಿತ್ತೇ? ದಪ್ಪವೋ, ಸಣ್ಣದೋ?"

ಗರಿಗರಿಯಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅಮ್ಮನ ಧ್ವನಿಯೇ ಹೋಯಿತೆಂದರೆ ಹಿಂದೆಯೇ ಹಾಡಿನಲ್ಲಿ ಅಕ್ಕನ ಪಾಲಿನ ಸಾಲುಗಳೂ ಹೋಗುತ್ತವೆ. ಅವು ಈಗ ಲೋಕದಲ್ಲಿ ಇರುವುದು ಅಕ್ಕನ ಬಾಯಲ್ಲಿ ಮಾತ್ರ.

"ಅಕ್ಕ, ಹಿಂಡೋ ಹಾಡು ಹೇಳು. ನಿನ್ನ ಸಾಲುಗಳು."

"ಹಾಗೆ ಸುಮ್ನೆ ಕೂತು ಹೇಳು ಅಂದ್ರೆ ಬಾಯಿಗೆ ಬರಲ್ಲ ಕಣೇ. ನೀನು ಆ ಕಡೆಯಿಂದ ಹೇಳಬೇಕು, ಆಗ ಒಂದರ ಹಿಂದೆ ಒಂದು ಬರುತ್ತೆ."

ಸರಿ, ಹೇಳಲು ಹೋದರು. ಅಕ್ಕ ಮಾತು ಬಾಯಿಗೆ ಬಾರದೆ ಬರಿಯ ರಾಗ ಗುನುಗಿ ಶುರುಮಾಡಿದಳು. ಇವಳು ತನ್ನ ಸಾಲು ಎತ್ತಿದಳು. ಅದು ಸಮುದ್ರ ದಾಟಿ ಅಕ್ಕನನ್ನು ಮುಟ್ಟುವಷ್ಟರಲ್ಲಿ ಅಕ್ಕ, ತಂಗಿಗೆ ಕೇಳಿಸಲಿಲ್ಲವೆಂದುಕೊಂಡು, ಮತ್ತೆ ಮೊದಲಿಂದ ತೆಗೆದಿದ್ದಳು. ಎರಡೂ ಡಿಕ್ಕಿ ಹೊಡೆದವು. ಮತ್ತೆ ಮಾಡಿದರು, ಮತ್ತೆ ಡಿಕ್ಕಿ. ಮೊದಲಿಗೆ ಇಬ್ಬರೂ ಬಿದ್ದುಬಿದ್ದು ನಕ್ಕರು. ಆಮೇಲೆ ಅಕ್ಕನಿಗೆ ರೇಗಿತು.

"ನೀನು ಆಗಲೂ ನಿಧಾನ, ಈಗಲೂ ನಿಧಾನ. ಬಿಡು ಅತ್ಲಾಗೆ."

ಫೋನಿನಲ್ಲಿ ಮಾತು ತಲುಪುವುದೇ ತಡವಾದರೆ ಇವಳೇನು ಮಾಡುತ್ತಾಳೆ? ಅದು ಅಕ್ಕನಿಗೂ ಗೊತ್ತು. ಆದರೂ ಆ ಮಾತು ಮುಳ್ಳಿನಂತೆ ಒಳಗೆ ಕೂತಿತು. ಆಮೇಲಿನ ಫೋನುಗಳಲ್ಲಿ ಹಾಡಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಈ ಸಲದ ಮೇಳಕ್ಕೆ ಬೆಟ್ಟದ ಕಡೆಯಿಂದ ಒಬ್ಬಳೇ ಬಂದಿದ್ದಳು, ಚಿಕ್ಕವಳು. ದೊಡ್ಡವಳಿಗೆ ಗಡಿ ದಾಟಲು ಪರವಾನಗಿ ಸಿಕ್ಕಿರಲಿಲ್ಲ. ಅವರದು ಜೋಡಿ ಹಾಡು, ಒಂದು ಗುಡ್ಡದ ಮೇಲಿಂದ ಒಬ್ಬಳು ಕೂಗಿ ಕೇಳುವುದು, ಎದುರು ಗುಡ್ಡದಿಂದ ಇನ್ನೊಬ್ಬಳು ಹೇಳುವುದು. ಒಬ್ಬಳಿಂದ ಆಗುವಂಥದ್ದಲ್ಲ. ಕೊನೆಗೆ ದೊಡ್ಡವಳು ತನ್ನ ಮನೆಯಿಂದಲೇ ಹಾಡುವುದು, ಇಲ್ಲಿ ದೊಡ್ಡ ಪರದೆಯ ಮೇಲೆ ಅವಳನ್ನು ತೋರಿಸುವುದು ಎಂದಾಯಿತು.

ಅಭ್ಯಾಸದ ದಿನ ಗರಿಗರಿಯಮ್ಮ ವೇದಿಕೆ ಪಕ್ಕದ ಬಟ್ಟೆಪರದೆಯ ಅಂಚಿಗೆ ಹೊಲಿಗೆ ಹಾಕುತ್ತ ಏಣಿಯ ಮೇಲೆ ಕೂತಿದ್ದಳು. ಚಿಕ್ಕವಳು ಕೂಗಿದಳು. ಪರದೆಯ ಮೇಲಿನವಳು ಸುಮ್ಮನೆ ನೋಡುತ್ತಿದ್ದಳು. ಚಿಕ್ಕವಳು ಗಾಬರಿಯಾಗಿ ಮತ್ತೆ ಕೂಗಿದಳು. ಅದೇ ಹೊತ್ತಿಗೆ ಮೊದಲಿನದಕ್ಕೆ ಉತ್ತರ ಬಂದು ಎರಡೂ ಡಿಕ್ಕಿ ಹೊಡೆದವು. ಇವಳ ಕೈಯಲ್ಲಿ ಸೂಜಿ ನಿಂತಿತು. ಅಯ್ಯೋ, ಇದು ನಮ್ಮ ಮನೆಯ ಜಗಳ!

ಚಿಕ್ಕವಳು ತಲೆ ಹಿಡಿದುಕೊಂಡು ಕೂತಳು. ಪಿಟೀಲಿನ ಮುದುಕ ನಿಟ್ಟುಸಿರು ಬಿಟ್ಟ. ಸಭಾಂಗಣದ ಮ್ಯಾನೇಜರ್ ಕಾರ್ಯಕ್ರಮದಿಂದ ಆ ಹಾಡನ್ನೇ ತೆಗೆಯೋಣ ಎಂದರು. ಆಗ ಪರದೆಯ ಮೇಲಿಂದ ದೊಡ್ಡವಳು ಗಟ್ಟಿಯಾಗಿ ಏನೋ ಹೇಳಿದಳು. ಎರಡೂ ಭಾಷೆ ಬಲ್ಲ ಹುಡುಗಿಯೊಬ್ಬಳು ಅದನ್ನು ತಿರುಗಿಸಿ ಹೇಳಿದಳು.

"ಇವರು ಹೇಳ್ತಿದಾರೆ, ನಮ್ಮ ಬೆಟ್ಟದಲ್ಲಿ ಕೂಗು ಆಚೆ ದಾಟೋಕೆ ಯಾವಾಗಲೂ ಹೊತ್ತಾಗುತ್ತೆ. ಇವಳು ವೇದಿಕೆ ಮೇಲೆ ನನ್ನ ಪಕ್ಕ ನಿಂತೂ ನಿಂತೂ ಕಾಯೋದನ್ನ ಮರೆತಿದಾಳೆ ಅಂತ."

"ಕಾಯೋದು ಸರಿ, ಜನ ಟಿಕೆಟ್ ಕೊಟ್ಟು ಬಂದಿರ್ತಾರಲ್ಲಮ್ಮ. ಸುಮ್ನೆ ಬಾಯಿ ನೋಡ್ತಾ ಕೂರ್ತಾರಾ?" ಎಂದರು ಮ್ಯಾನೇಜರ್.

ಪರದೆಯ ಮೇಲಿನವಳು ನಕ್ಕು ಮತ್ತೆ ಹೇಳಿದಳು. "ಬೆಟ್ಟದಲ್ಲಿ ಯಾರೂ ಸುಮ್ನೆ ಕಾಯಲ್ವಂತೆ. ಕೂಗೋದು, ಉತ್ತರ ಬರೋವರೆಗೆ ಹುಲ್ಲು ಕೊಯ್ಯೋದು. ಕೈಲಿ ಕೆಲಸ ಇದ್ರೆ ಕಾದಿದ್ದು ಗೊತ್ತಾಗಲ್ವಂತೆ. ನಿಮ್ಮವರ ಕೈಗೂ ಏನಾದರೂ ಕೊಡಿ ಅಂತಿದಾರೆ."

ಡೋಲಿನವನು ಮೊದಲು ಜೋರಾಗಿ ಬಾರಿಸಿ ನೋಡಿದ. ಚಿಕ್ಕವಳು ಬೇಡ ಬೇಡ ಎಂದಳು. ಆಮೇಲೆ ಅವನು ಬಾರಿಸುವುದು ಬಿಟ್ಟು, ಅಂಗೈಯನ್ನು ಡೋಲಿನ ಚರ್ಮದ ಮೇಲೆ ಸುಮ್ಮನೆ ಉಜ್ಜತೊಡಗಿದ. ಸರ್, ಸರ್, ಸರ್. ಹುಲ್ಲಿನ ಬುಡಕ್ಕೆ ಕುಡುಗೋಲು ಹೋದ ಹಾಗೆ. ಚಿಕ್ಕವಳು ಕೂಗಿದಳು. ಸರ್, ಸರ್. ಉತ್ತರ ತಾನಾಗಿ ಬಂತು. ಏಣಿಯ ಮೇಲಿದ್ದವಳಿಗೆ ಹೊಲಿಗೆ ಎಲ್ಲಿಗೆ ಬಂದಿತ್ತೆಂಬುದು ಮರೆತುಹೋಗಿತ್ತು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಗರಿಗರಿಯಮ್ಮನ ಕೆಲಸ ಇಷ್ಟೇ. ಬೆಟ್ಟದ ಹಾಡಾದ ಮೇಲಿನ ಕೊನೆಯ ಹಾಡಿಗೆ ಚಿಕ್ಕವಳು ಹೊದೆಯಬೇಕಾದ ಕೆಂಪು ಶಾಲನ್ನು ಇಸ್ತ್ರಿ ಮಾಡಿ, ಮಡಿಕೆ ಕೆಡದಂತೆ ತೋಳಿನ ಮೇಲೆ ಹಾಕಿಕೊಂಡು, ವೇದಿಕೆಯ ಪಕ್ಕದ ಕತ್ತಲಲ್ಲಿ ನಿಂತಿರುವುದು. ಪಿಟೀಲು ಮರಳಿನ ಹಾಗೆ ಜಾರಿತು. ಚೀಲದ ಕೊಳಲು ಒಂದೇ ಸ್ವರ ಹಿಡಿದು, ತಳ ಕಾಣದ ಕೊಳದಂತೆ ಕೆಳಗೆ ನಿಂತಿತು. ಡೋಲಿನವನು ನಮ್ಮ ಕಡೆಯ ನಡೆಯೊಂದನ್ನು ಅದರೊಳಕ್ಕೆ ನುಗ್ಗಿಸಿದಾಗ ಮುದುಕ ಹುಬ್ಬೇರಿಸಿ, ನಕ್ಕು, ಬಿಲ್ಲನ್ನು ಅದೇ ಹೆಜ್ಜೆಗೆ ಕುಣಿಸಿದ. ಜನ ಕೂತಲ್ಲೇ ಕಾಲಲ್ಲಿ ತಾಳ ಹಾಕತೊಡಗಿದರು.

ಆಮೇಲೆ ಬೆಟ್ಟದ ಹಾಡು. ಚಿಕ್ಕವಳು ಕೂಗಿದಳು. ಅಂಗೈ ಉಜ್ಜಿತು. ಉತ್ತರ ಬಂತು. ಎರಡನೆಯ ಕೂಗು, ಎರಡನೆಯ ಉತ್ತರ. ಮೂರನೆಯ ಕೂಗಿಗೆ ಪರದೆಯ ಮೇಲಿನ ಮುಖ ಅಲ್ಲಾಡದೆ ನಿಂತುಬಿಟ್ಟಿತು.

ಅಂಗೈ ಉಜ್ಜುತ್ತಲೇ ಇತ್ತು. ಉತ್ತರವಿಲ್ಲ. ಮ್ಯಾನೇಜರ್ ಬೆವರು ಒರೆಸಿಕೊಂಡರು. ಚೀಲದ ಕೊಳಲಿನವನು ಕಂಕುಳನ್ನು ಅದುಮಿ ಒಂದು ಸ್ವರ ಬಿಟ್ಟ, ಆ ಸರಸರ ಬಿದ್ದುಹೋಗದಂತೆ ಕೆಳಗೆ ಕೈಯೊಡ್ಡಿದ ಹಾಗೆ. ಮುದುಕ ಅದರ ಮೇಲೆ ಬಿಲ್ಲನ್ನು ಎಳೆದೂ ಎಳೆಯದಂತೆ ಎಳೆದ. ಚಿಕ್ಕವಳು ಮತ್ತೆ ಕೂಗಲಿಲ್ಲ. ಕಣ್ಣು ಮುಚ್ಚಿ, ಖಾಲಿ ಕೈಯಿಂದಲೇ ಹುಲ್ಲು ಕೊಯ್ಯುತ್ತ ನಿಂತಳು. ಒಂದೊಂದು ದೇಶದಿಂದ ಬಂದವರು, ಒಬ್ಬರ ಮಾತು ಒಬ್ಬರಿಗೆ ತಿಳಿಯದವರು, ಎಲ್ಲರೂ ಸೇರಿ ಬರಬೇಕಾದವಳಿಗೆ ಜಾಗ ಹಿಡಿದುಕೊಂಡಿದ್ದರು.

ಬಂತು ಉತ್ತರ. ಎಲ್ಲೋ ಹಿಮದ ನಡುವಿನ ಮನೆಯಿಂದ, ಒಡೆದ ದನಿಯಲ್ಲಿ, ತಡವಾಗಿ ಬಂತು.

ಚಪ್ಪಾಳೆಗೆ ಚಾವಣಿ ಹಾರುವುದೊಂದು ಬಾಕಿ. ಚಿಕ್ಕವಳು ಕಣ್ಣೊರೆಸಿಕೊಂಡು, ಶಾಲಿಗಾಗಿ ಕತ್ತಲಿನ ಕಡೆಗೆ ಓಡಿಬಂದಳು. ಗರಿಗರಿಯಮ್ಮ ಶಾಲು ಚಾಚಿದಳು. ಚಾಚಿದ ಮೇಲೆ ನೋಡಿದಳು. ಅದು ಹಗ್ಗವಾಗಿತ್ತು. ಒಂದು ತುದಿಯನ್ನು ಏಣಿಯ ಮೆಟ್ಟಿಲಿಗೆ ಯಾವಾಗ ಸಿಕ್ಕಿಸಿದ್ದಳೋ, ತನ್ನ ಬಲಕ್ಕೆ ಎಷ್ಟು ತಿರುಚಿದ್ದಳೋ, ಅವಳಿಗೇ ಗೊತ್ತಿಲ್ಲ. ಹಿಂಡಿಬಿಟ್ಟಿದ್ದಳು, ಒಣಗಿದ ಶಾಲನ್ನು.

"ಏನಮ್ಮಾ ಇದು? ನಿನಗೇನು ಬಂತು?" ಮ್ಯಾನೇಜರ್ ಹಲ್ಲು ಕಡಿದರು.

ಚಿಕ್ಕವಳು ಶಾಲನ್ನು ನೋಡಿದಳು, ಅವಳ ಕೈ ನೋಡಿದಳು, ಫಕ್ಕನೆ ನಕ್ಕು ಅದನ್ನು ಹಾಗೆಯೇ ಕೊಡವಿ ಹೆಗಲಿಗೆ ಹಾಕಿಕೊಂಡು ಬೆಳಕಿಗೆ ಹೋದಳು. ಡೋಲಿನವನು ಮರುದಿನವಿಡೀ "ಸುಕ್ಕುಸುಕ್ಕಮ್ಮ" ಎಂದು ಕರೆದು ಕಾಡಿದ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಅವಳಿಗೆ ರಜೆಯ ದಿನ ಬರಬೇಕಿತ್ತು.

ರಜೆಯೆಂದರೆ ಸಭಾಂಗಣಕ್ಕೆ ಹೋಗದ ದಿನ, ಅಷ್ಟೇ. ಅಡುಗೆಮನೆಗೆ ರಜೆಯಿರಲಿಲ್ಲ. ಗಂಡ ಬಸ್ಸಿನ ಕಂಡಕ್ಟರ್ ಆಗಿದ್ದು ನಿವೃತ್ತನಾಗಿದ್ದ. ಅಂದಿನಿಂದ ಮನೆಯಲ್ಲಿ ಒಬ್ಬ ಪ್ರಯಾಣಿಕ ಹೆಚ್ಚಾಗಿದ್ದ. ಕಿಟಕಿಯ ಪಕ್ಕದ ಸೀಟು ಹಿಡಿದು ಕೂತರೆ ಊಟದ ನಿಲ್ದಾಣ ಬರುವವರೆಗೆ ಏಳುತ್ತಿರಲಿಲ್ಲ. ಕೆಟ್ಟವನಲ್ಲ. ಒದ್ದೆ ಬಟ್ಟೆ ಒಣಗುವುದಕ್ಕೆ ಯಾರೋ ಏನೋ ಮಾಡಬೇಕಾಗುತ್ತದೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಅವಳು ಜೋಡಿ ಚಾದರವನ್ನು ಬಕೆಟ್ಟಿನಲ್ಲಿ ನೆನೆಸಿ ಹಿತ್ತಲಿಗೆ ತಂದಳು. ಫೋನನ್ನು ಒಗೆಯುವ ಕಲ್ಲಿನ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿದಳು.

"ರೀ, ಸ್ವಲ್ಪ ಬನ್ನಿ ಇಲ್ಲಿ."

"ಟೀ ಆಯ್ತಾ?"

"ಟೀ ಅಲ್ಲ, ತುದಿ. ಈ ತುದಿ ಹಿಡ್ಕೊಳ್ಳಿ."

ಅವನು ಹಾವಿನ ಬಾಲ ಕೊಟ್ಟರೇನೋ ಎಂಬಂತೆ ಹಿಡಿದುಕೊಂಡ. "ಇದನ್ನ ನಾನೇನು ಮಾಡ್ಲಿ?"

"ಹಿಂದೆ ಹೋಗಿ, ಹಿಂದೆ ಹೋಗಿ. ಇನ್ನೂ ಜಾಗ ಇದೆ."

ಬದುಕಿಡೀ ಊರವರಿಗೆ ತಾನು ಹೇಳಿದ ಮಾತು ತನಗೇ ತಿರುಗಿ ಬಂದದ್ದಕ್ಕೆ ಅವನಿಗೆ ನಗು ಬಂತು. ಹಿಂದೆ ಸರಿದ. ಅವಳು ತಿರುಚಿದಳು, ಅವನೂ ತಿರುಚಿದ. ಚಾದರ ಇಡಿಯಾಗಿ ಉರುಳಿತೇ ವಿನಾ ಒಂದು ಹನಿ ನೀರು ಬೀಳಲಿಲ್ಲ.

"ನನ್ನ ಬಲಕ್ಕಲ್ಲ ರೀ, ನಿಮ್ಮ ಬಲಕ್ಕೆ."

"ಎದುರಿಗೆ ನಿಂತಿದೀಯಲ್ಲ, ನೀನು ತಿರುಗಿಸಿದ ಕಡೆ ತಿರುಗಿಸ್ತಿದೀನಿ."

"ಅದೇ ಹೇಳ್ತಿರೋದು. ನಿಮ್ಮ ಪಾಡಿಗೆ ನೀವು ನಿಮ್ಮ ಬಲಕ್ಕೆ ತಿರುಗಿಸಿ. ಆಗಲೇ ನೀರು ಬಿಡೋದು."

ಬಿತ್ತು ನೀರು, ಇಬ್ಬರ ಪಾದದ ಮೇಲೂ. "ಎಲಾ!" ಎಂದ ಕಂಡಕ್ಟರ್.

ಅಕ್ಕ ಫೋನ್ ಎತ್ತಿದಾಗ ಅವಳ ಕಡೆ ಆಗಷ್ಟೇ ಬೆಳಗು. ಫೋನಿನ ತೆರೆಯಲ್ಲಿ ಅವಳ ಹಿಂದೆ ಬಿಳಿ ಗೋಡೆ, ಬಿಳಿ ಬಾಗಿಲು. "ಏನೇ, ಹಿತ್ತಲಲ್ಲಿ? ಅಯ್ಯೋ, ನಿಮ್ಮ ಯಜಮಾನ್ರು ಬಟ್ಟೆ ಹಿಂಡ್ತಿದಾರಾ? ಮೈ ಹುಷಾರಿದೆ ತಾನೆ ಅವರಿಗೆ?"

"ಚೆನ್ನಾಗಿದೀನಿ ಕಣಮ್ಮ," ಎಂದು ಕಂಡಕ್ಟರ್ ಚಾದರದ ತುದಿಯಿಂದಲೇ ಕೂಗಿದ.

"ಅಕ್ಕ, ನೀನೂ ಒಂದು ಚಾದರ ಒದ್ದೆ ಮಾಡ್ಕೊಂಡು ಬಾ."

"ಇಲ್ಲಿ ಹಿಂಡೋಕೆ ಮೆಷಿನ್ ಇದೆಯಲ್ಲೇ, ಹುಚ್ಚಿ."

"ಇರಲಿ. ನೀನು ತಗೊಂಡು ಬಾ."

ಅಕ್ಕ ಗೊಣಗುತ್ತ ಹೋಗಿ ಹಿಂದಿನ ದಿನ ಅಜ್ಜಿಯ ಹಾಸಿಗೆಯಿಂದ ತೆಗೆದಿದ್ದ ಚಾದರ ನೆನೆಸಿ ತಂದಳು. ಒಂದು ತುದಿ ಹಿಡಿದು ಸುತ್ತಲೂ ನೋಡಿದಳು. ಆ ಮನೆಯಲ್ಲಿ ಇನ್ನೊಂದು ತುದಿ ಹಿಡಿಯುವವರು ಯಾರೂ ಇರಲಿಲ್ಲ. ಎಷ್ಟೋ ವರ್ಷದಿಂದ ಇರಲಿಲ್ಲ. ಕೊನೆಗೆ ಅದನ್ನು ಬಾಗಿಲಿನ ಹಿಡಿಕೆಗೆ ಗಂಟು ಹಾಕಿದಳು.

ಗರಿಗರಿಯಮ್ಮ ಗಂಟಲು ಸರಿಮಾಡಿಕೊಂಡಳು. "ನೀನು ಕೇಳಿ ಆದ ಮೇಲೆ ಮತ್ತೆ ಕೇಳಬೇಡ. ಒಂದು ಸಲ ಹಿಂಡು, ಬಿಡಿಸು, ಕೊಡವು. ಅಷ್ಟರಲ್ಲಿ ನಾನು ಬಂದಿರ್ತೀನಿ. ನಾನು ನಿಧಾನ ಅಲ್ಲ ಅಕ್ಕ. ದಾರಿ ದೂರ."

ಅಕ್ಕ ಕಣ್ಣನ್ನು ತೋಳಿಗೆ ಒರೆಸಿಕೊಂಡು ಚಾದರ ಹಿಡಿದಳು. ಕೈ ತಿರುಗಿದ್ದೇ ತಡ, ಎಲ್ಲಿತ್ತೋ ಏನೋ, ದನಿ ಎದ್ದು ಬಂತು:

"ಆಚೆ ತುದೀಲಿ ಯಾರಿದೀರಿ?"

ಇದಾ? ಇದಾ ಇಷ್ಟು ದಿನ ನಾನು ಉತ್ತರ ಕೊಡುತ್ತ ಬಂದದ್ದು? ಗರಿಗರಿಯಮ್ಮನ ಕೈ ತಿರುಚುವುದನ್ನು ಮರೆತಿತು. ಆದರೂ ಬಾಯಿ ತನ್ನ ಕೆಲಸ ಮರೆಯಲಿಲ್ಲ: "ನನ್ನ ತುದೀಲಿ ನಾನಿದೀನಿ."

ಹಿಂಡಿದಳು, ಬಿಡಿಸಿದಳು, ಫಟ್. ಫೋನಿನೊಳಗೂ ಫಟ್. ಡಿಕ್ಕಿಯಿಲ್ಲ. ಅಕ್ಕನ ಎರಡನೆಯ ಸಾಲು ಬಂತು. ರಾಗ ಅದೇ, ಏರು ಅದೇ, ಇಳಿತ ಅದೇ. ಮಾತು ಮಾತ್ರ ಇವಳಿಗೆ ತಿಳಿಯದ್ದು. ಆ ದೇಶದ ಮಾತು. ಆ ಮಕ್ಕಳನ್ನು ಮಲಗಿಸುತ್ತ ಅಕ್ಕ ಈ ರಾಗವನ್ನು ಅದೆಷ್ಟು ರಾತ್ರಿ ತೂಗಿದ್ದಳೋ, ಅಮ್ಮನ ಮಾತುಗಳ ಜಾಗದಲ್ಲಿ ತೊಟ್ಟಿಲ ಮಾತುಗಳು ಬಂದು ಮಲಗಿದ್ದವು. ಅಕ್ಕನಿಗೆ ಅದು ಗೊತ್ತಾದಂತೆ ಕಾಣಲಿಲ್ಲ. ಕಣ್ಣು ಮುಚ್ಚಿ, ಹುಡುಗಿಯ ಮುಖ ಮಾಡಿಕೊಂಡು ಹಾಡುತ್ತಿದ್ದಳು.

ತಂಗಿ ಅವಳನ್ನು ತಡೆಯಲಿಲ್ಲ. ಎರಡನೆಯ ಪ್ರಶ್ನೆ ಇನ್ನು ಸಿಗುವುದಿಲ್ಲ ಎಂದು ತಿಳಿದೇ, ತಿಳಿಯದ ಮಾತಿಗೆ ತನ್ನ ಉತ್ತರ ಹೇಳಿದಳು: "ಇನ್ನೂ ಒದ್ದೆ, ಇನ್ನೂ ಒದ್ದೆ."

ಅದು ಸರಿಯಾಗಿ ಕೂತಿತು.

ಫಟ್. ಮೂರನೆಯದಕ್ಕೆ ಅಕ್ಕ ಬಾಯಿ ತೆರೆದಳು. ಆಗ ಒಳಗೆಲ್ಲೋ ಪುಟ್ಟ ಗಂಟೆ ಬಾರಿಸಿತು, ಹಾಸಿಗೆಯ ಪಕ್ಕ ಇಟ್ಟಿರುತ್ತಾರಲ್ಲ, ಅಂಥದ್ದು. ಅಕ್ಕನ ಮುಖ ಹುಡುಗಿಯದಾಗಿದ್ದದ್ದು ಒಮ್ಮೆಲೇ ಆಳಿನದಾಯಿತು. "ಅಜ್ಜಿ ಎದ್ರು. ಇರೇ, ಬಂದೆ," ಎಂದು ತುದಿಯನ್ನು ಕೈಬಿಟ್ಟು ಓಡಿದಳು.

ಫೋನಿನಲ್ಲಿ ಉಳಿದದ್ದು ಬಿಳಿ ಬಾಗಿಲು, ಹಿಡಿಕೆಗೆ ಕಟ್ಟಿದ ಚಾದರ. ಅದರ ಬಿಟ್ಟ ತುದಿ ನೆಲದ ಮೇಲೆ ಸುರುಳಿಯಾಗಿ ಬಿದ್ದು, ನೀರು ನಿಧಾನವಾಗಿ ಹರಿದು ಬರುತ್ತಿತ್ತು.

ಕಂಡಕ್ಟರ್ ಕತ್ತು ಚಾಚಿ ಫೋನಿನೊಳಗೆ ನೋಡಿದ. ಅವನ ತೋಳು ಸೋಲುತ್ತಿತ್ತು. ಅಂಗಿಯ ತೋಳು ಮೊಳಕೈವರೆಗೆ ಒದ್ದೆಯಾಗಿತ್ತು.

"ಬಿಡ್ಲಾ?" ಎಂದ, ಮೆತ್ತಗೆ.

ಅವಳ ನಾಲಿಗೆಯ ತುದಿಯಲ್ಲಿ ಮೂರನೆಯ ಉತ್ತರ ಸಿದ್ಧವಾಗಿ ಕೂತಿತ್ತು. ಗಾಳಿ ಬಂದರೆ ಬರ್ತೀನಿ. ಕೇಳುವವಳು ಬರಬೇಕು.

"ಬಿಡಬೇಡಿ," ಎಂದಳು. "ಇನ್ನೊಂದು ಸಲ ಹಿಂಡಿ. ನಿಮ್ಮ ಬಲಕ್ಕೆ."